ಕಾರ್ಮುಗಿಲನ ಬಟ್ಟೆ ಒಗೆಯುವವರು ಯಾರು?

“ಕಣ್ಣಿಗೊಂದು ಕಪ್ಪು ಬಟ್ಟೆ ಕಟ್ಕೊಂಡ್ರೆ ಸ್ವಂತ ಮನೆಯವರಿಗೇ ಗುರುತು ಸಿಗಲ್ವಾ? ಅವರೇನು ಕುರುಡರಾ?” ತರಗತಿಯ ಬೆಂಚಿನ ಮೇಲೆ ಹತ್ತಿ ನಿಂತು ವಕೀಲಮ್ಮ ಎಂಬ ಹುಡುಗಿ ಕೇಳಿದಳು.

“ಅದು ಬರೀ ಬಟ್ಟೆ ಅಲ್ಲ ಕಣೇ, ಮುಖವಾಡ! ಅದರೊಳಗೆ ದನಿ ಬದಲಾಯಿಸೋ ಮಷಿನ್ ಇರುತ್ತೆ!” ಎಂದು ರೇಡಿಯೊ ಕಿರುಚಿದ. ಆಫ್ ಮಾಡುವ ಬಟನ್ ಇಲ್ಲದ ಕಾರಣ ಅವನಿಗೆ ಆ ಹೆಸರು ಬಂದಿತ್ತು.

“ಮಷಿನ್ ಅಂತೆ ಮಷಿನ್! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಲೋಕಕ್ಕೆ ಗೊತ್ತಾಗಲ್ವಾ?”

ಐದನೇ ತರಗತಿ ಎರಡು ಹೋಳಾಗಿ ಕೂಗಾಡುತ್ತಿತ್ತು. ಇದಕ್ಕೆಲ್ಲ ಕಾರಣ ಕಾರ್ಮುಗಿಲ. ಅವನು ಕಾಮಿಕ್ಸ್ ಪುಸ್ತಕದ ಹೀರೋ. ಹಗಲಲ್ಲಿ ಏಳು ಫ್ಯಾಕ್ಟರಿಗಳ ಒಡೆಯ, ನಲವತ್ತು ರೂಮಿನ ಬಂಗಲೆಯ ಯಜಮಾನ. ಕತ್ತಲಾದರೆ ಮುಖವಾಡ ತೊಟ್ಟು, ಬೆನ್ನ ಮೇಲೆ ಕಪ್ಪು ನಿಲುವಂಗಿ ಹಾರಿಸುತ್ತಾ, ಛಾವಣಿಯಿಂದ ಛಾವಣಿಗೆ ನೆಗೆದು ಕಳ್ಳರನ್ನು ಹಿಡಿಯುವವನು. ಅವನು ಯಾರೆಂದು ಊರಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ.

ಆ ಪುಸ್ತಕ ಬೆಂಚಿನ ಕೆಳಗಿಂದ ಬೆಂಚಿನ ಕೆಳಗೆ ಓಡಾಡಿ ಕೊನೆಗೆ ಟೀಚರ್ ಕೈಗೆ ಸಿಕ್ಕಿತ್ತು. ಎಲ್ಲರೂ ಬೈಗುಳಕ್ಕೆ ತಲೆಬಗ್ಗಿಸಿ ಕಾದರು. ಟೀಚರ್ ನಾಲ್ಕು ಪುಟ ಓದಿ, ಕನ್ನಡಕ ಸರಿಮಾಡಿಕೊಂಡು, “ಶುಕ್ರವಾರ ಚರ್ಚಾಸ್ಪರ್ಧೆ. ಶ್ರೀಮಂತ ಸೂಪರ್‌ಹೀರೋ ತಾನು ಯಾರು ಅನ್ನೋ ಗುಟ್ಟು ಉಳಿಸಿಕೊಳ್ಳಬಲ್ಲನೇ? ಚೀಟಿ ಎತ್ತಿ,” ಎಂದುಬಿಟ್ಟರು.

ಕಿಟಕಿ ಪಕ್ಕದ ಕೊನೆಯ ಬೆಂಚಿನಲ್ಲಿ ಒಬ್ಬಳು ಮಾತ್ರ ಸುಮ್ಮನೆ ಕೂತಿದ್ದಳು. ಅವಳ ಚೀಟಿಯಲ್ಲಿ ‘ಸಾಧ್ಯವಿಲ್ಲ’ ಎಂದು ಬಂದಿತ್ತು. ತರಗತಿಯವರು ಅವಳನ್ನು ಗರಿಗರಿ ಎನ್ನುತ್ತಿದ್ದರು. ಶಾಲೆಗೆ ಸೇರಿ ನಾಲ್ಕು ತಿಂಗಳಾಗಿತ್ತು. ಆ ಹೆಸರೊಂದನ್ನು ಬಿಟ್ಟರೆ ಅವರು ಅವಳಿಗೆ ಬೇರೇನನ್ನೂ ಕೊಟ್ಟಿರಲಿಲ್ಲ.

ಬೇರೆಯವರ ಅಂಗಿ ಮೊದಲ ಪೀರಿಯಡ್ ಮುಗಿಯುವುದರೊಳಗೆ ಮುದುಡಿ ಹೋಗುತ್ತಿತ್ತು. ಅವಳದು ಮಾತ್ರ ಸಂಜೆಯ ಗಂಟೆಯವರೆಗೂ ಇಸ್ತ್ರಿಯ ಗೆರೆ ಬಿಡುತ್ತಿರಲಿಲ್ಲ. ಜಂಬದ ಹುಡುಗಿ, ಮನೆ ತುಂಬ ಆಳುಕಾಳು ಇರಬೇಕು ಎಂದುಕೊಂಡು ಯಾರೂ ಹತ್ತಿರ ಸೇರಿಸಿರಲಿಲ್ಲ.

ನಿಜ ಬೇರೆಯೇ ಇತ್ತು. ಅವಳ ಅಪ್ಪ ಅಮ್ಮ ಸೇತುವೆಯ ಆಚೆ ಲಾಂಡ್ರಿ ನಡೆಸುತ್ತಿದ್ದರು. ಆ ಗೆರೆಗಳೆಲ್ಲ ಅಪ್ಪನ ಕೈಕೆಲಸ. ಹಳೆಯ ಶಾಲೆಯಲ್ಲಿ ಈ ಸಂಗತಿ ತಿಳಿದ ದಿನದಿಂದ ಅವಳನ್ನು ‘ಕೊಳೆಬಟ್ಟೆ’ ಎಂದು ಕರೆದಿದ್ದರು. ಆದ್ದರಿಂದ ಹೊಸ ಶಾಲೆಗೆ ಬಂದಾಗ ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಬೀಗ ಹಾಕಿದ ಬಾಯಿ ಸ್ನೇಹ ಮಾಡುವುದಾದರೂ ಹೇಗೆ? ಊಟದ ಹೊತ್ತಿನಲ್ಲಿ ನಲ್ಲಿಯ ಹತ್ತಿರದ ಕಲ್ಲುಬೆಂಚಿನ ಮೇಲೆ ಒಬ್ಬಳೇ ಡಬ್ಬಿ ತೆರೆಯುವುದು ಅವಳಿಗೆ ಅಭ್ಯಾಸವಾಗಿತ್ತು. ಅಭ್ಯಾಸವಾಗಿತ್ತು ನಿಜ, ಬೇಜಾರು ಮಾತ್ರ ಹೋಗಿರಲಿಲ್ಲ.

ಚೀಟಿ ಎತ್ತುವ ಗಲಾಟೆ ಮುಗಿದು, ‘ಸಾಧ್ಯ’ ಎಂಬ ಗುಂಪಿಗೆ ಕ್ಯಾಪ್ಟನ್ ನಾಯಕನಾದ. ಅವನು ಫುಟ್‌ಬಾಲ್ ಟೀಮಿಗೂ ನಾಯಕ. ಗುಡ್ಡದ ಮೇಲೆ ಎತ್ತರದ ಗೇಟಿನ ಮನೆ ಅವನದು. ಕಾರಿನಲ್ಲಿ ಬರುತ್ತಿದ್ದ, ಕಾರಿನಲ್ಲಿ ಹೋಗುತ್ತಿದ್ದ. ಸೋಮವಾರ ಬಂತೆಂದರೆ ಹುಡುಗರು ಅವನನ್ನು ಮುತ್ತಿಕೊಳ್ಳುತ್ತಿದ್ದರು.

“ಈ ಭಾನುವಾರ ಏನ್ ಮಾಡಿದ್ರೋ, ನೀನೂ ನಿಮ್ಮಪ್ಪನೂ?”

“ಬೋಟಿಂಗ್ ಹೋಗಿದ್ವಿ. ಅಪ್ಪ ಹುಟ್ಟು ಹಾಕಿದ್ರು, ನಾನು ದಾರಿ ತೋರಿಸಿದೆ.”

ಪ್ರತಿ ಸೋಮವಾರ ಒಂದು ಹೊಸ ಸಾಹಸ. ಗರಿಗರಿ ಕೊನೆಯ ಬೆಂಚಿನಿಂದಲೇ ಕಿವಿಗೊಟ್ಟು ಕೇಳುತ್ತಿದ್ದಳು. ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲವಲ್ಲ.

ಮಂಗಳವಾರ ಊಟದ ಹೊತ್ತಿಗೆ ‘ಸಾಧ್ಯವಿಲ್ಲ’ ಗುಂಪು ಮರದ ಕೆಳಗೆ ಸಭೆ ಸೇರಿತು. ವಕೀಲಮ್ಮ ನೋಟ್‌ಬುಕ್ ಹಿಡಿದು ಎಲ್ಲರನ್ನೂ ಪಾಯಿಂಟ್ ಕೇಳುತ್ತಿದ್ದಳು. ನಿಜವಾದ ವಕೀಲರ ಮಗಳು ಅವಳು, ವಾದ ಮನೆಯಿಂದಲೇ ಕಲಿತು ಬಂದದ್ದು. ಆದರೆ ಅವತ್ತು ಬಂದ ಪಾಯಿಂಟುಗಳೆಲ್ಲ ಟೊಳ್ಳು.

“ದನಿ ಗುರುತು ಸಿಗುತ್ತೆ.”

“ಮಷಿನ್ ಇದೆ ಅಂತಾರೆ. ಆಮೇಲೆ?”

“ಅವನ ಕಾರಿನ ಹಿಂದೆ ಪೊಲೀಸರು ಹೋಗಬಹುದು.”

“ಅವನ ಕಾರು ಪೊಲೀಸರ ಕಾರಿಗಿಂತ ಫಾಸ್ಟ್ ಅಂತಾರೆ. ಆಮೇಲೆ? ಏ ಗರಿಗರಿ, ನೀನೂ ನಮ್ಮ ಗುಂಪೇ ತಾನೇ? ಏನಾದ್ರೂ ಹೇಳು.”

ನಾಲ್ಕು ತಿಂಗಳಲ್ಲಿ ಯಾರೂ ಅವಳನ್ನು ಏನಾದರೂ ಹೇಳು ಎಂದು ಕೇಳಿರಲಿಲ್ಲ. ಅವಳು ಡಬ್ಬಿಯ ಮುಚ್ಚಳ ನೋಡುತ್ತಾ ಮೆಲ್ಲಗೆ ಅಂದಳು, “ಅವನ ಬಟ್ಟೆ ಒಗೆಯೋರು ಯಾರು?”

“ಅಂದ್ರೆ?”

“ದಿನಾ ಛಾವಣಿ ಮೇಲೆ ಓಡ್ತಾನೆ. ಮೊಣಕಾಲಿಗೆ ಪಾಚಿ ಹತ್ತುತ್ತೆ. ಕಳ್ಳರ ಜೊತೆ ಹೊಡೆದಾಡ್ತಾನೆ. ಗುಂಡಿ ಕಿತ್ತು ಹೋಗುತ್ತೆ. ಬೆಳಿಗ್ಗೆ ಆ ಬಟ್ಟೆ ಒಗೆಯೋಕೆ ಹಾಕ್ಬೇಕಲ್ಲ. ಒಗೆಯೋರಿಗೆ ಗೊತ್ತಾಗಲ್ವಾ?”

ವಕೀಲಮ್ಮ ನೋಟ್‌ಬುಕ್ಕಿನಿಂದ ತನ್ನ ತೊಡೆಗೇ ಹೊಡೆದುಕೊಂಡಳು. “ಸೂಪರ್! ಇದನ್ನ ಅವರು ಜನ್ಮದಲ್ಲಿ ಯೋಚನೆ ಮಾಡಿರಲ್ಲ! ಬಾ, ಇಲ್ಲಿ ಕೂತ್ಕೋ. ಏ, ಸ್ವಲ್ಪ ಸರೀರಿ!”

ಎಲ್ಲರೂ ಸರಿದರು. ಅಷ್ಟಗಲ ಜಾಗ, ಒಂದು ಡಬ್ಬಿ ಮತ್ತು ಒಬ್ಬ ಹುಡುಗಿಗೆ ಸಾಕಾಗುವಷ್ಟು. ಮಂಗಳವಾರವೂ ಬುಧವಾರವೂ ಅವಳು ಅಲ್ಲೇ ಕೂತು ಊಟ ಮಾಡಿದಳು. ಯಾರೋ ಅವಳ ಬ್ರೆಡ್ಡಿನಲ್ಲಿ ಅರ್ಧ ಕಿತ್ತುಕೊಂಡರು. ಬ್ರೆಡ್ಡು ಹೋದದ್ದಕ್ಕೆ ಅಷ್ಟು ಖುಷಿಪಟ್ಟವರು ಆ ಶಾಲೆಯಲ್ಲಿ ಇನ್ನೊಬ್ಬರಿರಲಿಲ್ಲ.

ಬುಧವಾರ ಏಳುವಾಗ ವಕೀಲಮ್ಮ ಹೇಳಿದಳು, “ಒಂದು ನಿಜವಾದ ಉದಾಹರಣೆ ಬೇಕು ಕಣೇ. ಬಟ್ಟೆ ನೋಡಿ ದೊಡ್ಡ ಮನೆಯವರ ಗುಟ್ಟು ಕಂಡುಹಿಡಿದದ್ದು. ಉದಾಹರಣೆ ಇಲ್ಲದ ವಾದ ನಿಲ್ಲಲ್ಲ ಅಂತಾರೆ ನಮ್ಮಮ್ಮ. ಸಿಗುತ್ತಾ?”

“ನೋಡ್ತೀನಿ,” ಎಂದಳು ಗರಿಗರಿ.

ಉದಾಹರಣೆ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅದಕ್ಕೊಂದು ನಂಬರೂ ಇತ್ತು. ನಲವತ್ತೊಂದು.

ಲಾಂಡ್ರಿಗೆ ಬರುವ ಚೀಲಗಳ ಮೇಲೆ ಯಾರ ಹೆಸರೂ ಇರುವುದಿಲ್ಲ, ನಂಬರ್ ಮಾತ್ರ. ಅದೇ ನಂಬರನ್ನು ಪ್ರತಿ ಬಟ್ಟೆಯ ಒಳಮಡಿಕೆಯಲ್ಲಿ ಅಳಿಸದ ಶಾಯಿಯಲ್ಲಿ ಬರೆದಿರುತ್ತಾರೆ. ಶಾಲೆಯಿಂದ ಬಂದ ಮೇಲೆ ಚೀಲ ಬಿಚ್ಚಿ, ಬಿಳಿ ಬೇರೆ ಬಣ್ಣ ಬೇರೆ ಮಾಡಿ, ಜೇಬು ನೋಡುವುದು ಗರಿಗರಿಯ ಕೆಲಸ. ಜೇಬಿನಲ್ಲಿ ಏನು ಸಿಕ್ಕರೂ ಲಕೋಟೆಗೆ ಹಾಕಿ ಅದೇ ಚೀಲಕ್ಕೆ ಕಟ್ಟಬೇಕು. ಓದಬಾರದು. ಮನೆಯಲ್ಲಿ ಆಡಬಾರದು, ಹೊರಗಂತೂ ಆಡಲೇಬಾರದು.

“ನಮ್ಮ ಕೈಗೆ ಬರೋದು ಬಟ್ಟೆ ಕಣೇ ಪುಟ್ಟಿ, ಮನೆ ಅಲ್ಲ,” ಎನ್ನುತ್ತಿದ್ದಳು ಅಮ್ಮ. “ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.”

ಆದರೆ ಕಣ್ಣಿಗೆ ಬೀಗ ಹಾಕಲು ಆಗುತ್ತದೆಯೇ? ನಲವತ್ತೊಂದನೇ ಚೀಲದಲ್ಲಿ ವಾರವಾರವೂ ಶಾಲೆಯ ಫುಟ್‌ಬಾಲ್ ಜೆರ್ಸಿ ಬರುತ್ತಿತ್ತು. ಬೆನ್ನ ಮೇಲೆ ಒಂಬತ್ತು. ಆ ಶಾಲೆಯಲ್ಲಿ ಒಂಬತ್ತನೇ ನಂಬರ್ ಕ್ಯಾಪ್ಟನ್ ಒಬ್ಬನದೇ. ಅದೇ ಚೀಲದಲ್ಲಿ ಹಾಸಿಗೆಯ ಬಟ್ಟೆಗಳು, ಅವನ ಅಮ್ಮನ ಆಫೀಸ್ ಉಡುಪುಗಳು, ಅವನ ಯೂನಿಫಾರ್ಮು. ಮೊದಮೊದಲು ದೊಡ್ಡ ಅಳತೆಯ ಗಂಡಸರ ಶರ್ಟುಗಳೂ ಬರುತ್ತಿದ್ದವು, ವಾರಕ್ಕೆ ಆರು. ಮೂರು ತಿಂಗಳಿಂದ ಒಂದೂ ಬಂದಿರಲಿಲ್ಲ. ಒಂದು ಕಾಲುಚೀಲ ಕೂಡ.

ಪ್ರತಿ ಭಾನುವಾರ ಮಗನ ಜೊತೆ ದೋಣಿಯಲ್ಲಿ ಹುಟ್ಟು ಹಾಕುವ ಅಪ್ಪ ಮೂರು ತಿಂಗಳು ಶರ್ಟನ್ನೇ ತೊಡಲಿಲ್ಲವೇ? ಆ ಮನೆಯಲ್ಲಿ ಅಪ್ಪ ಈಗ ಇಲ್ಲ ಎಂಬುದು ಗರಿಗರಿಗೆ ಯಾವತ್ತೋ ಗೊತ್ತಾಗಿತ್ತು. ಇಷ್ಟು ದಿನ ಅದು ಅವಳ ಪಾಲಿಗೆ ಬರೀ ಒಂದು ಚೀಲದ ಸಂಗತಿಯಾಗಿತ್ತು. ಈಗ ಅದೊಂದು ಪಾಯಿಂಟ್ ಆಗಿತ್ತು. ಹೆಸರು ಹೇಳಬೇಕಾಗಿಯೂ ಇಲ್ಲ, ‘ಗುಡ್ಡದ ಮೇಲಿನ ಒಂದು ಮನೆ’ ಅಂದರೆ ಸಾಕು. ಮರದ ಕೆಳಗಿನ ಜಾಗ ಗಟ್ಟಿಯಾಗುತ್ತದೆ.

ಗುರುವಾರ ಸಂಜೆ ಅಂಗಡಿಯ ತುಂಬ ಹಬೆ ಕವಿದಿತ್ತು. ಅಮ್ಮ ಒಳಗೆ ಮಷಿನ್ನಿನ ಹತ್ತಿರ ಇದ್ದಳು. ಅಪ್ಪ ಇಸ್ತ್ರಿ ಮಾಡುತ್ತಾ ಹಾಡುತ್ತಿದ್ದ. ಅಪ್ಪನ ರಾಗ ಕೇಳಿದರೆ ಸುಕ್ಕುಗಳು ಹೆದರಿ ತಾವಾಗಿಯೇ ಓಡಿಹೋಗುತ್ತವೆ ಎಂದು ಅಮ್ಮನ ಅಭಿಪ್ರಾಯ.

ಗರಿಗರಿ ನಲವತ್ತೊಂದನೇ ಚೀಲ ಸುರಿದಳು. ಜೆರ್ಸಿ ಬಂತು. ಯೂನಿಫಾರ್ಮು ಬಂತು. ಕೊನೆಯಲ್ಲಿ, ಹಾಸಿಗೆಯ ಬಟ್ಟೆಯೊಳಗೆ ಸುತ್ತಿಕೊಂಡು, ಒಂದು ದೊಡ್ಡ ಶರ್ಟು ಬಂತು. ಕಂದು ಗೆರೆಯದು.

ಅಯ್ಯೋ, ಅವನ ಅಪ್ಪ ವಾಪಸ್ ಬಂದರೇ? ನನ್ನ ಉದಾಹರಣೆ ಹೋಯಿತಲ್ಲ! ಅದೇ ಅವಳ ಮೊದಲ ಯೋಚನೆ. ಆಮೇಲೆ ಅವಳು ಶರ್ಟನ್ನು ಬೆಳಕಿಗೆ ಹಿಡಿದಳು.

ಕಾಲರಿನಲ್ಲಿ ಹೊಸ ಕೊಳೆ ಇರಲಿಲ್ಲ. ತೋಳುಗಳನ್ನು ನಾಲ್ಕು ಸುತ್ತು ಮಡಚಲಾಗಿತ್ತು. ಅಷ್ಟು ಮಡಚಿದರೆ ಯಾವ ದೊಡ್ಡವರ ಕೈಯಾದರೂ ಮೊಣಕೈವರೆಗೆ ಹೊರಗೇ ಇರುತ್ತದೆ. ಹೊಟ್ಟೆಯ ಹತ್ತಿರ ಟೂತ್‌ಪೇಸ್ಟಿನ ಕಲೆ. ಬೆನ್ನಿನ ತುಂಬ ಹೊರಳಾಡಿದ ಸುಕ್ಕು. ಮಲಗುವಾಗ ಈ ಶರ್ಟು ತೊಡುವವನು ಅವಳಷ್ಟೇ ಎತ್ತರದ ಹುಡುಗ. ಕೆಲಸದವರು ಹಾಸಿಗೆಯ ಬಟ್ಟೆ ಎಳೆಯುವಾಗ ಅದೂ ಸುತ್ತಿಕೊಂಡು ಬಂದಿದೆ.

ಗರಿಗರಿಗೆ ಏನೋ ಸಂಕಟವಾಯಿತು. ಅವನಿಗೆ ಒಂದು ಒಳ್ಳೆಯದು ಮಾಡಬೇಕು ಅನ್ನಿಸಿತು. ಕೊಳೆ ತೆಗೆಯುವುದೇ ಒಳ್ಳೆಯದು ಎಂದು ಕಲಿತ ಮನೆಯ ಹುಡುಗಿ ಅವಳು. ಶರ್ಟನ್ನು ಮಷಿನ್ನಿಗೆ ಹಾಕದೆ ತಾನೇ ಬಕೆಟ್ಟಿನಲ್ಲಿ ಬಿಸಿನೀರು ತುಂಬಿದಳು. ಒಳ್ಳೆಯ ಸೋಪು ಹಾಕಿ ತೋಳು, ಕಾಲರು, ಬೆನ್ನು ಎಲ್ಲವನ್ನೂ ಪ್ರೀತಿಯಿಂದ ಉಜ್ಜಿದಳು. ಪರಿಮಳದ ಲಿಕ್ವಿಡ್ಡನ್ನು ಒಂದು ಮುಚ್ಚಳದ ಬದಲು ಎರಡು ಮುಚ್ಚಳ ಸುರಿದಳು.

ಆಗ ಅಂಗಡಿಯ ಬಾಗಿಲಿನ ಗಂಟೆ ಢಣ್ ಎಂದಿತು.

“ಅಂಕಲ್, ನಲವತ್ತೊಂದನೇ ನಂಬರ್ ಚೀಲ… ಅದರಲ್ಲಿ ಒಂದು ಶರ್ಟ್ ತಪ್ಪಿ ಬಂದಿದೆ. ತೊಳೀಬೇಡಿ. ಪ್ಲೀಸ್, ತೊಳೀಬೇಡಿ.”

ಕ್ಯಾಪ್ಟನ್! ಬೆವರಿಳಿಯುತ್ತಿತ್ತು, ಏದುಸಿರು ಬಿಡುತ್ತಿದ್ದ. ಹಿಂದೆ ಕಾರಿರಲಿಲ್ಲ, ಗುಡ್ಡದಿಂದ ಓಡಿಕೊಂಡೇ ಬಂದಿದ್ದ. ಗರಿಗರಿ ಬಕೆಟ್ಟಿನ ಮುಂದೆ, ಮೊಣಕೈವರೆಗೆ ನೊರೆ ಮೆತ್ತಿಕೊಂಡು ಕೂತಿದ್ದಳು. ಅವಿತುಕೊಳ್ಳಲು ಜಾಗವಿರಲಿಲ್ಲ. ಅವನು ಅವಳನ್ನು ನೋಡಿದ. ಆಮೇಲೆ ಅವಳ ಕೈಯಲ್ಲಿದ್ದುದನ್ನು ನೋಡಿದ.

ಹಾಡು ನಿಂತಿತು. ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ.

ಕ್ಯಾಪ್ಟನ್ ಬಗ್ಗಿ ಒದ್ದೆ ಶರ್ಟಿನ ಒಂದು ತುದಿ ಹಿಡಿದು ಮೂಗಿನ ಹತ್ತಿರ ತಂದ. ಒಮ್ಮೆ ಉಸಿರೆಳೆದ. ಇನ್ನೊಮ್ಮೆ ಎಳೆದ. ಅದರಲ್ಲಿ ಸೋಪು ಮತ್ತು ಪರಿಮಳದ ಲಿಕ್ವಿಡ್ ಬಿಟ್ಟರೆ ಬೇರೆ ಯಾವ ವಾಸನೆಯೂ ಉಳಿದಿರಲಿಲ್ಲ.

ಆಗ ಗರಿಗರಿಗೆ ತಾನು ತೊಳೆದದ್ದು ಏನೆಂದು ಗೊತ್ತಾಯಿತು.

“ನಮ್ಮಪ್ಪಂಗೆ ನಾಳೆ ಮೀಟಿಂಗ್ ಇದೆ,” ಎಂದ ಕ್ಯಾಪ್ಟನ್. ದನಿ ತೆಳ್ಳಗಾಗಿತ್ತು. “ಇದೇ ಶರ್ಟ್ ಬೇಕು ಅಂದ್ರು. ಅದಕ್ಕೇ… ಒದ್ದೆ ಆಗಿದ್ರೆ ಬೇಡ. ಬೇರೆ ಹಾಕ್ಕೋತಾರೆ.”

ಗರಿಗರಿ ತಲೆ ಎತ್ತಿ ಅವನ ಮುಖ ನೋಡಿದಳು. ಕಾರ್ಮುಗಿಲನ ಮುಖವಾಡದಲ್ಲಿ ಮಷಿನ್ನಿತ್ತು. ಇವನ ಹತ್ತಿರ ಏನೂ ಇರಲಿಲ್ಲ, ಗಲ್ಲ ಸ್ವಲ್ಪ ನಡುಗುತ್ತಿತ್ತು ಅಷ್ಟೆ.

“ಶನಿವಾರ ಇಸ್ತ್ರಿ ಮಾಡಿ ಕಳಿಸ್ತೀವಿ,” ಎಂದಳು. “ನಿಮ್ಮಪ್ಪಂಗೆ ಸಾರಿ ಹೇಳು.”

“ಪರ್ವಾಗಿಲ್ಲ. ಹೇಳ್ತೀನಿ.”

“ಏನ್ ಯಜಮಾನ್ರೇ, ನೀರು ಕುಡೀತೀರಾ? ಗುಡ್ಡದಿಂದ ಓಡಿ ಬಂದಿದ್ದೀರಿ,” ಎಂದು ಅಪ್ಪ ಕೇಳಿದ. ಕ್ಯಾಪ್ಟನ್ ಅವಳ ಅಪ್ಪನನ್ನು, ಅಪ್ಪನ ಮಡಚಿದ ತೋಳುಗಳನ್ನು, ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ನೀರು ಬೇಡವೆಂದು ತಲೆಯಾಡಿಸಿ ಹೊರಟುಹೋದ.

ಗರಿಗರಿ ಅಮ್ಮನ ಹತ್ತಿರ ಹೋಗಿ ನಿಂತಳು. “ಅಮ್ಮಾ, ಒಮ್ಮೆ ಹೋದ ವಾಸನೆ ಮತ್ತೆ ಬರುತ್ತಾ?”

ಅಮ್ಮ ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಮಗಳ ಒದ್ದೆ ಕೈಗಳನ್ನು ತನ್ನ ಏಪ್ರನ್ನಿನಿಂದ ಒರೆಸಿದಳು. “ಇಲ್ಲ ಪುಟ್ಟಿ. ಹೊಸದು ಬರುತ್ತೆ, ನಿಧಾನಕ್ಕೆ.”

ಶುಕ್ರವಾರ ಬೆಂಚುಗಳನ್ನು ಎದುರುಬದುರು ಇಟ್ಟರು. ರೇಡಿಯೊ ದನಿ ಬದಲಾಯಿಸುವ ಮಷಿನ್ನನ್ನು ಬಾಯಲ್ಲೇ ಮಾಡಿ ತೋರಿಸಿದ, ಟೀಚರ್ ಸಾಕು ಅನ್ನುವವರೆಗೂ ನಿಲ್ಲಿಸಲಿಲ್ಲ. ಕ್ಯಾಪ್ಟನ್ ಎದ್ದು, ಹಣ ಇದ್ದವರು ನೆಲದೊಳಗೆ ಗುಪ್ತ ಕೋಣೆ ಕಟ್ಟಿಸಬಹುದು, ಹತ್ತು ಕಾರು ಬದಲಾಯಿಸಬಹುದು ಎಂದ. ಚೆನ್ನಾಗಿಯೇ ಹೇಳಿದ. ಆದರೆ ಗರಿಗರಿಯ ಕಡೆ ಒಮ್ಮೆಯೂ ತಿರುಗಲಿಲ್ಲ.

ಕೊನೆಗೆ ವಕೀಲಮ್ಮ ಮೊಣಕೈಯಿಂದ ತಿವಿದಳು. “ಹೋಗು. ನೀನೇ ನಮ್ಮ ಬ್ರಹ್ಮಾಸ್ತ್ರ.”

ಗರಿಗರಿ ಎದ್ದು ನಿಂತಳು. ಮೊದಲು ದನಿ ಹೊರಡಲಿಲ್ಲ. ಹೊರಟ ಮೇಲೆ ನಿಲ್ಲಲಿಲ್ಲ.

“ಛಾವಣಿಯ ಪಾಚಿ ಕಲೆ ಬಿಸಿನೀರಿಗೆ ಹೋಗಲ್ಲ, ಉಜ್ಜಲೇಬೇಕು. ಕಾರ್ಮುಗಿಲ ಉಜ್ಜಲ್ಲ. ಅವನಿಗೆ ಸೋಪು ಎಲ್ಲಿದೆ ಅಂತಾನೇ ಗೊತ್ತಿರಲ್ಲ.” ತರಗತಿ ಗೊಳ್ಳೆಂದಿತು. “ನಲವತ್ತು ರೂಮಿನ ಮನೇನ ಒಬ್ಬನೇ ಗುಡಿಸೋಕಾಗುತ್ತಾ? ಅಡುಗೆಯವರು ಇರ್ತಾರೆ, ಡ್ರೈವರ್ ಇರ್ತಾರೆ. ಗುಪ್ತ ಕೋಣೆ ಕಟ್ಟಿದ ಗಾರೆ ಕೆಲಸದವರು ಇರ್ತಾರೆ. ಬಡವ ತನ್ನ ಕೆಲಸ ತಾನೇ ಮಾಡ್ಕೋತಾನೆ, ಅವನ ಗುಟ್ಟು ಅವನ ಹತ್ರಾನೇ ಇರುತ್ತೆ. ಶ್ರೀಮಂತನ ಗುಟ್ಟು ಹತ್ತು ಜನರ ಕೈ ದಾಟಿ ಹೋಗುತ್ತೆ.”

ಚಪ್ಪಾಳೆ ಬಿತ್ತು. ಟೀಚರ್ ಕನ್ನಡಕ ತೆಗೆದು ಅವಳನ್ನೇ ನೋಡಿದರು. ರೇಡಿಯೊ ಮಾತ್ರ ಬಿಡಲಿಲ್ಲ.

“ಬಟ್ಟೆ ನೋಡಿದ್ರೆ ಗುಟ್ಟು ಗೊತ್ತಾಗುತ್ತೆ ಅಂತ ನಿನಗೆ ಯಾರು ಹೇಳಿದ್ದು? ಉದಾಹರಣೆ ಕೊಡು ನೋಡೋಣ!”

“ಕೊಡು ಕಣೇ,” ಎಂದು ವಕೀಲಮ್ಮ ಪಿಸುಗುಟ್ಟಿದಳು.

ಗುಡ್ಡದ ಮೇಲಿನ ಒಂದು ಮನೆ. ನಾಲ್ಕೇ ಪದ. ಅಷ್ಟು ಹೇಳಿದರೆ ಗೆದ್ದ ಹಾಗೇ. ಕ್ಯಾಪ್ಟನ್ ತನ್ನ ಶೂಗಳನ್ನೇ ನೋಡುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು. ಅವಳ ಗುಟ್ಟೂ ಅವನಿಗೆ ಗೊತ್ತಿತ್ತಲ್ಲ? ‘ಇವಳು ಲಾಂಡ್ರಿಯವರ ಮಗಳು’ ಎಂದು ಅವನು ಬೆಳಗಿನಿಂದ ಯಾವಾಗ ಬೇಕಾದರೂ ಹೇಳಬಹುದಿತ್ತು. ಹೇಳಿರಲಿಲ್ಲ. ಈಗಲೂ ಬಾಯಿ ಬಿಡಲಿಲ್ಲ.

“ಉದಾಹರಣೆ ನಾನೇ,” ಎಂದಳು ಗರಿಗರಿ.

ಕ್ಯಾಪ್ಟನ್ ಶೂಗಳಿಂದ ಕಣ್ಣೆತ್ತಿದ.

“ಸೇತುವೆ ಆಚೆ ಇರೋ ಲಾಂಡ್ರಿ ನಮ್ಮದು. ನಮ್ಮಮ್ಮ ಒಗೀತಾಳೆ, ನಮ್ಮಪ್ಪ ಇಸ್ತ್ರಿ ಮಾಡ್ತಾನೆ. ಚೀಲ ಬಿಚ್ಚೋದು ನಾನು. ಅರ್ಧ ಊರಿನ ಬಟ್ಟೆ ನಮ್ಮ ಹತ್ರ ಬರುತ್ತೆ.”

ಆಗ ನೋಡಬೇಕಿತ್ತು ಆ ತರಗತಿಯನ್ನು! ಯಾರೂ ನಗಲಿಲ್ಲ. ಒಬ್ಬ ಕಾಲರು ಮುಚ್ಚಿಕೊಂಡ. ಇನ್ನೊಬ್ಬಳು ತನ್ನ ತೋಳಿನ ಕಲೆ ನೋಡಿಕೊಂಡಳು. ರೇಡಿಯೊ, ಹುಟ್ಟಿದಾಗಿನಿಂದ ಮೊದಲ ಸಲವೋ ಏನೋ, ಆಫ್ ಆದ. ತಂತಮ್ಮ ಮನೆಯ ಚೀಲ ಎಲ್ಲಿಗೆ ಹೋಗುತ್ತದೆಂದು ಪ್ರತಿಯೊಬ್ಬರೂ ನೆನಪಿಸಿಕೊಳ್ಳುತ್ತಿದ್ದರು.

“ಹಾಗಾದ್ರೆ ನಿನಗೆ… ಯಾರ್‍ಯಾರ ಗುಟ್ಟು ಗೊತ್ತು?” ಎಂದು ವಕೀಲಮ್ಮನೇ ಕೇಳಿದಳು, ಸ್ವಲ್ಪ ಹೆದರಿ.

“ಗೊತ್ತು. ಆದ್ರೆ ನಾವು ಹೇಳಲ್ಲ,” ಎಂದಳು ಗರಿಗರಿ. “ಒಗೆಯೋರು ಹೇಳಲ್ಲ. ಕಾರ್ಮುಗಿಲನ ಮನೆ ಒಗೆಯೋರಿಗೂ ಗೊತ್ತಿರುತ್ತೆ. ಅಡುಗೆಯವರಿಗೂ ಗೊತ್ತಿರುತ್ತೆ. ಅವರು ಸುಮ್ನೆ ಇರ್ತಾರೆ. ಅದಕ್ಕೇ… ಅದಕ್ಕೇ ಅವನ ಗುಟ್ಟು ಇನ್ನೂ ಉಳಿದಿದೆ.”

ಹೇಳಿ ಕೂತಳು. ಕೂತ ಮೇಲೆಯೇ ಅವಳಿಗೆ ಹೊಳೆದದ್ದು, ತಾನು ಎದುರು ಗುಂಪಿನ ಪರವಾಗಿ ವಾದಿಸಿಬಿಟ್ಟೆ ಎಂದು.

ಟೀಚರ್‌ಗೂ ಹೊಳೆಯಿತು. ‘ಸಾಧ್ಯ’ ಗುಂಪು ಗೆದ್ದಿತು. “ಕೊನೆಯ ಪಾಯಿಂಟ್ ನಿಮಗೆ ಎದುರಾಳಿಗಳೇ ಉಡುಗೊರೆ ಕೊಟ್ಟರು,” ಎಂದು ಅವರು ನಕ್ಕರು. ನಗುತ್ತಲೇ ಗರಿಗರಿಯ ತಲೆ ಸವರಿ ಹೋದರು.

“ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ!” ವಕೀಲಮ್ಮ ನೋಟ್‌ಬುಕ್ ಎಸೆದಳು. “ಒಂದು ಉದಾಹರಣೆ ಸಾಕಿತ್ತು. ಒಂದೇ ಒಂದು! ನೀನು ಯಾರ ಕಡೆ ಕಣೇ?”

ಊಟದ ಗಂಟೆ ಹೊಡೆದಾಗ ಮರದ ಕೆಳಗೆ ಎಲ್ಲರೂ ಒತ್ತೊತ್ತಾಗಿ ಕೂತಿದ್ದರು. ಯಾರೂ ಹೋಗು ಎನ್ನಲಿಲ್ಲ, ಯಾರೂ ಸರಿಯಲೂ ಇಲ್ಲ. ಗರಿಗರಿ ನಲ್ಲಿಯ ಹತ್ತಿರದ ಕಲ್ಲುಬೆಂಚಿಗೆ ಹೋಗಿ ಡಬ್ಬಿ ತೆರೆದಳು. ಬ್ರೆಡ್ಡನ್ನು ಪೂರ್ತಿ ಒಬ್ಬಳೇ ತಿಂದಳು. ಅಳು ಬಂತು, ಬ್ರೆಡ್ಡಿನ ಜೊತೆಗೇ ನುಂಗಿದಳು.

ಸಂಜೆ ಅಪ್ಪ ಕಂದು ಗೆರೆಯ ಶರ್ಟನ್ನು ಇಸ್ತ್ರಿ ಮೇಜಿನ ಮೇಲೆ ಹರಡಿದ.

“ತೋಳು ನಾನು ಮಾಡ್ತೀನಿ,” ಎಂದಳು ಗರಿಗರಿ. ತೋಳುಗಳನ್ನು ಮೊದಲಿದ್ದ ಹಾಗೆಯೇ ನಾಲ್ಕು ಸುತ್ತು ಮಡಚಿದಳು. ಅಂಗಡಿಯಿಂದ ಹಾಗೆ ಮಡಚಿದ ಶರ್ಟು ಹೊರಗೆ ಹೋದದ್ದು ಅದೇ ಮೊದಲು. ಅಪ್ಪ ಏನೋ ತಮಾಷೆ ಮಾಡಲು ಬಾಯಿ ತೆರೆದವನು, ಮಗಳ ಮುಖ ನೋಡಿ, ಹಾಡನ್ನೇ ಮುಂದುವರಿಸಿದ.

ಸೋಮವಾರ ಹುಡುಗರು ಎಂದಿನಂತೆ ಕ್ಯಾಪ್ಟನ್ನನ್ನು ಮುತ್ತಿಕೊಂಡರು. “ಈ ಭಾನುವಾರ ಏನ್ ಮಾಡಿದ್ರೋ?”

ಕ್ಯಾಪ್ಟನ್ ಬಾಯಿ ತೆರೆದ. ಕೊನೆಯ ಬೆಂಚಿನ ಕಡೆ ನೋಡಿದ. ಗರಿಗರಿ ಪೆನ್ಸಿಲ್ ಕೆತ್ತುತ್ತಾ ಕಿಟಕಿಯ ಕಡೆ ತಿರುಗಿಕೊಂಡಳು. ಅವನು ಏನು ಹೇಳಿದರೂ ತನಗೆ ಏನೂ ಗೊತ್ತಿಲ್ಲದವಳ ಹಾಗೆ.

“ಏನೂ ಇಲ್ಲ,” ಎಂದ ಕ್ಯಾಪ್ಟನ್. “ಮನೇಲೇ ಇದ್ದೆ.”

“ಅಯ್ಯೋ, ಅಷ್ಟೇನಾ?” ಹುಡುಗರು ಬೇರೆ ಮಾತಿಗೆ ಹೋದರು.

ಊಟವಾದ ಮೇಲೆ ಅವನು ನಲ್ಲಿಯ ಹತ್ತಿರ ಬಂದ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದ. ನಾಲ್ಕನೇ ಸಲ ತೊಳೆಯುವಾಗ, ಅವಳ ಕಡೆ ತಿರುಗದೆಯೇ ಅಂದ, “ಶರ್ಟ್ ಚೆನ್ನಾಗಿ ಆಗಿತ್ತು ಅಂದ್ರು ಅಪ್ಪ.”

“ಸರಿ,” ಎಂದಳು ಗರಿಗರಿ. “ನಮ್ಮಪ್ಪಂಗೆ ಹೇಳ್ತೀನಿ.”

ಅವನು ತಲೆಯಾಡಿಸಿದ. ನಲ್ಲಿ ನಿಲ್ಲಿಸಿ ಹೊರಟುಹೋದ.

ಗುರುವಾರ ಚೀಲಗಳು ಬಂದವು. ಗರಿಗರಿ ಬೇರೆಲ್ಲವನ್ನೂ ಬಿಟ್ಟು ಮೊದಲು ನಲವತ್ತೊಂದನ್ನೇ ಬಿಚ್ಚಿದಳು. ಒಂಬತ್ತನೇ ನಂಬರಿನ ಜೆರ್ಸಿ. ಯೂನಿಫಾರ್ಮು. ಹಾಸಿಗೆಯ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಕೊಡವಿದಳು. ಚೀಲವನ್ನು ತಲೆಕೆಳಗು ಮಾಡಿ ಒಳಗೆ ಕೈಯಾಡಿಸಿದಳು. ಶರ್ಟು ಬಂದಿರಲಿಲ್ಲ.

ಹಾಗಾದರೆ ಅದು ಅಲ್ಲೇ ಇದೆ, ಗುಡ್ಡದ ಮೇಲೆ. ಪರಿಮಳದ ಲಿಕ್ವಿಡ್ ಇಷ್ಟು ಹೊತ್ತಿಗೆ ಸ್ವಲ್ಪ ಕಡಿಮೆಯಾಗಿರಬಹುದು.

“ಏನು ಹುಡುಕ್ತಾ ಇದ್ದೀಯ?” ಮಷಿನ್ನಿನ ಹತ್ತಿರದಿಂದ ಅಮ್ಮ ಕೇಳಿದಳು.

“ಏನಿಲ್ಲಮ್ಮ.”

ಅಮ್ಮ ಮಗಳನ್ನು ನೋಡಿದಳು, ಖಾಲಿ ಚೀಲವನ್ನು ನೋಡಿದಳು. ಮತ್ತೆ ಕೇಳಲಿಲ್ಲ. ಅಮ್ಮನಿಗೆ ಎಲ್ಲ ಗೊತ್ತಿದೆ ಎಂದು ಗರಿಗರಿಗೆ ಆಗ ಗೊತ್ತಾಯಿತು. ಅವಳು ಬಿಳಿ ಬಟ್ಟೆಗಳನ್ನು ಬೇರೆ ಮಾಡತೊಡಗಿದಳು.